ರೆ, ರೇ, ರೂ: ಬಾಣ ತಿರುಗುವುದು ಇಲ್ಲೇ

ಮಾನ್ಯ ಸಂಪಾದಕರೇ,

ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಹನ್ನೊಂದನೇ ತರಗತಿಯ ಗಣಿತ ಪುಸ್ತಕದಿಂದ ‘ಮ್ಯಾಥಮ್ಯಾಟಿಕಲ್ ರೀಸನಿಂಗ್’ ಅಧ್ಯಾಯವನ್ನು ಕೈಬಿಟ್ಟಿತು. ನಮ್ಮ ಪ್ರಥಮ ಪಿಯುಸಿ ಗಣಿತ ನಡೆಯುವುದೂ ಅದೇ ಪುಸ್ತಕದ ಮೇಲೆ. ಅಧ್ಯಾಯ ಹೋಯಿತು, ಅದರ ಅಗತ್ಯ ಹೋಗಲಿಲ್ಲ. ಪಿಯುಸಿಯಲ್ಲಿ ತರ್ಕಶಾಸ್ತ್ರ ತೆಗೆದುಕೊಂಡ ಕಲಾ ವಿಭಾಗದ ಹುಡುಗಿಗೂ, ಮುಂದೆ ಕಂಪ್ಯೂಟರ್ ಓದಲು ಹೋಗಿ ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ (ಕಂಪ್ಯೂಟರಿಗೆ ಬೇಕಾದ ಬಿಡಿ ಎಣಿಕೆಯ ಗಣಿತ) ಪುಸ್ತಕ ತೆರೆಯುವ ಹುಡುಗನಿಗೂ ಶುರುವಿನಲ್ಲೇ ಎದುರಾಗುವ ಕೆಲಸ ಒಂದೇ: ದಿನಬಳಕೆಯ ವಾಕ್ಯವನ್ನು ∧ (ಮತ್ತು), ∨ (ಅಥವಾ), ¬ (ಅಲ್ಲ), → (ಹೀಗಾದರೆ ಹಾಗೆ) ಎಂಬ ಚಿಹ್ನೆಗಳಿಗೆ ಇಳಿಸುವುದು.

ಕನ್ನಡ ಮಾಧ್ಯಮದಿಂದ ಬಂದವರು ಇಲ್ಲಿ ಎಡವುತ್ತಾರೆ ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಎಡವುವುದು ನಿಜ. ಕಾರಣ ಮಾತ್ರ ಬೇರೆ. ಅವರ ಕೈಗೆ ಸಿಗುವ ಗೈಡುಗಳಲ್ಲಿ ಇಂಗ್ಲಿಷ್ ಪದಗಳ ಪಟ್ಟಿಯೊಂದಿರುತ್ತದೆ: ಇಫ್ ಎಂದರೆ ‘ಆದರೆ’, ಓನ್ಲಿ ಇಫ್ ಎಂದರೆ ‘ಆದರೆ ಮಾತ್ರ’, ಬಟ್ ಎಂದರೆ ಮತ್ತೆ ‘ಆದರೆ’, ಅನ್‌ಲೆಸ್ ಎಂದರೆ ‘ಹೊರತು’. ವಿದ್ಯಾರ್ಥಿ ಕನ್ನಡ ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಚಿಹ್ನೆಗೆ ಹೋಗುತ್ತಾನೆ. ಹಾದಿಯಲ್ಲಿ ಬಾಣ ಉಲ್ಟಾ ಆಗುತ್ತದೆ. ಕನ್ನಡದಲ್ಲಿ ಷರತ್ತು ಇರುವುದು ಬಿಡಿ ಪದದಲ್ಲಿ ಅಲ್ಲ, ಕ್ರಿಯಾಪದದ ಬಾಲದಲ್ಲಿ. ‘ಬಂದರೆ’, ‘ಬಂದರೇ’, ‘ಬಂದರೂ’ ಈ ಮೂರನ್ನು ಬೇರೆ ಮಾಡುವುದು ಒಂದು ಸ್ವರ. ಆ ಸ್ವರದ ಮೇಲೆ ಸೂತ್ರವೇ ಬದಲಾಗುತ್ತದೆ. ಪಾಠ ಶುರುವಾಗಬೇಕಾದ್ದು ಇಲ್ಲಿಂದ ಎಂಬುದು ನಮ್ಮ ವಾದ.

ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿರುವ ನಿಯಮವನ್ನೇ ನೋಡೋಣ: ‘ಶೇ 75 ಹಾಜರಾತಿ ಇದ್ದರೆ ಮಾತ್ರ ಪರೀಕ್ಷೆಗೆ ಕೂರಬಹುದು.’ ಹ ಎಂದರೆ ಶೇ 75 ಹಾಜರಾತಿ ಇದೆ, ಪ ಎಂದರೆ ಪರೀಕ್ಷೆಗೆ ಕೂರಬಹುದು ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಎಂಟು ಉತ್ತರ ಪತ್ರಿಕೆಗಳಲ್ಲಿ ಹ → ಪ ಎಂದಿರುತ್ತದೆ ಎಂದರೆ ಓದುಗರಲ್ಲಿ ಪಾಠ ಮಾಡುವವರು ತಲೆಯಾಡಿಸಿಯಾರು. ‘ಇದ್ದರೆ’ ಕಣ್ಣಿಗೆ ಬಿತ್ತು, ಅದು ಮೊದಲು ಬಂತು, ಬಾಣದ ಹಿಂದೆ ಕೂತಿತು. ತಪ್ಪೆಂದು ತೋರಿಸಲು ಒಂದೇ ಸಾಲು ಸಾಕು: ಹಾಜರಾತಿ ಇದೆ, ಶುಲ್ಕ ಕಟ್ಟಿಲ್ಲ, ಹಾಲ್ ಟಿಕೆಟ್ ಸಿಕ್ಕಿಲ್ಲ. ಅಂದರೆ ಹ ಸತ್ಯ, ಪ ಅಸತ್ಯ. ನಿಯಮ ಮುರಿಯಿತೇ? ಇಲ್ಲ. ಹ → ಪ ಮುರಿಯಿತೇ? ಹೌದು. ಹಾಗಾದರೆ ನಿಯಮಕ್ಕೆ ಆ ಸೂತ್ರ ಹೊಂದದು. ಸರಿಯಾದದ್ದು ಪ → ಹ. ಇದನ್ನೇ ¬ಹ → ¬ಪ ಎಂದೂ ಬರೆಯಬಹುದು: ಹಾಜರಾತಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಎರಡೂ ಒಂದೇ.

ಇಂಗ್ಲಿಷಿನಲ್ಲಿ ಈ ನಿಯಮ ಹೇಳುವಾಗ ಪರೀಕ್ಷೆಯ ಮಾತು ಮೊದಲು, ಓನ್ಲಿ ಇಫ್ ಆಮೇಲೆ ಬರುತ್ತದೆ. ಸೂತ್ರದಲ್ಲೂ ಅದೇ ಕ್ರಮ. ಹಾಗಾಗಿ ‘ಓನ್ಲಿ ಇಫ್ ಇದ್ದಲ್ಲಿ ಬಾಣ ಇಡು’ ಎಂಬ ಕಿವಿಮಾತು ಅಲ್ಲಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಷರತ್ತಿನ ಉಪವಾಕ್ಯ ಮುಂದೆ, ಮುಖ್ಯ ಕ್ರಿಯಾಪದ ಕೊನೆಯಲ್ಲಿ. ಅದೇ ಕಿವಿಮಾತನ್ನು ಇಲ್ಲಿಗೆ ತಂದರೆ ಪ್ರತಿ ಸಲವೂ ತಪ್ಪುತ್ತದೆ. ಇದಕ್ಕಿಂತ ಕೆಟ್ಟದ್ದು, ಇಂಗ್ಲಿಷ್ ಪ್ರಶ್ನೆಯನ್ನು ಅಕ್ಷರಗಳ ಕ್ರಮ ಬದಲಿಸದೆ ಕನ್ನಡಕ್ಕೆ ತಂದು ‘ಕೂರಬಹುದಾದರೆ ಮಾತ್ರ ಹಾಜರಾತಿ ಇದೆ’ ಎಂದು ಅಚ್ಚು ಮಾಡುವುದು. ಆಗ ಕನ್ನಡ ಆವೃತ್ತಿಯ ಪ್ರಶ್ನೆಯೇ ಬೇರೆಯಾಗುತ್ತದೆ, ಉತ್ತರ ಸೂಚಿ ಮಾತ್ರ ಇಂಗ್ಲಿಷಿನದ್ದು. ಕನ್ನಡದ್ದನ್ನು ಸರಿಯಾಗಿ ಓದಿದವನಿಗೇ ಅಂಕ ಹೋಗುತ್ತದೆ.

ಅವಶ್ಯಕ ನಿಬಂಧನೆ, ಪರ್ಯಾಪ್ತ ನಿಬಂಧನೆ ಎಂದು ಬಾಯಿಪಾಠ ಮಾಡಿಸುವ ಬದಲು ಕನ್ನಡದ ಎರಡು ಪದಗಳನ್ನು ಹಿಡಿದರೆ ಅರ್ಧ ಕೆಲಸ ಮುಗಿಯಿತು: ಬೇಕು, ಸಾಕು. ಹಾಜರಾತಿ ‘ಇದ್ದರೆ ಸಾಕು’ ಎಂದರೆ ಹ → ಪ. ಹಾಜರಾತಿ ‘ಇರಲೇಬೇಕು’ ಎಂದರೆ ಪ → ಹ. ‘ಇದ್ದರೇ ಪರೀಕ್ಷೆ’, ‘ಇದ್ದರೇನೇ ಪರೀಕ್ಷೆ’ ಎಂದು ಎಳೆದು ಹೇಳಿದರೆ ಅದು ‘ಬೇಕು’ ಜಾತಿ. ಕೊನೆಯ ಎ ದೀರ್ಘವಾದ ಕೂಡಲೇ ಬಾಣ ತಿರುಗಿತು. ಅಚ್ಚಿನಲ್ಲಿ ಈ ದೀರ್ಘ ಬಿಟ್ಟುಹೋದರೆ ಅದು ಬರೀ ಕಾಗುಣಿತದ ದೋಷವಲ್ಲ, ಪ್ರಶ್ನೆಯೇ ಬದಲಾಯಿತು. ಗಣಿತ ಪುಸ್ತಕಗಳ ‘ಆದರೆ ಮತ್ತು ಆದರೆ ಮಾತ್ರ’ ಎಂಬ ಜೋಡಿ ನುಡಿಯಲ್ಲಿ ಯಾವ ಅರ್ಧ ಯಾವ ಬಾಣ ಎಂಬುದೂ ಇದರಿಂದಲೇ ಬಿಡಿಸುತ್ತದೆ: ‘ಆದರೆ’ ಸಾಕು, ‘ಆದರೆ ಮಾತ್ರ’ ಬೇಕು, ಎರಡೂ ಸೇರಿ ↔ (ಎರಡೂ ಕಡೆಯ ಬಾಣ).

ಇನ್ನು ‘ರೂ’. ‘ಮಳೆ ಬಂದರೂ ಪಂದ್ಯ ನಡೆಯುತ್ತದೆ.’ ಮ, ನ ಎಂದಿಟ್ಟು ಮ → ನ ಬರೆದರೆ ಪೂರ್ತಿ ತಪ್ಪಲ್ಲ, ಆದರೆ ಬಡವಾಯಿತು. ಕೊನೆಯ ಊ ಹೇಳುತ್ತಿರುವುದು ‘ಬರದಿದ್ದರಂತೂ ನಡೆದೇ ನಡೆಯುತ್ತದೆ’ ಎಂದು. (ಮ → ನ) ∧ (¬ಮ → ನ) ಬರೆದು ಸತ್ಯಕೋಷ್ಟಕ (ಭಾಗಗಳು ಸತ್ಯ, ಅಸತ್ಯ ಆಗುವ ಎಲ್ಲ ಬಗೆಗಳ ಪಟ್ಟಿ) ಹಾಕಿದರೆ ಉಳಿಯುವುದು ನ ಮಾತ್ರ. ಮಳೆಗೂ ಪಂದ್ಯಕ್ಕೂ ಸಂಬಂಧವಿಲ್ಲ ಎಂದು ಹೇಳಲು ಹೊರಟ ವಾಕ್ಯ ಅದು. ಸೂತ್ರದಲ್ಲೂ ಮಳೆ ಮಾಯ. ಈಗ ಕೊನೆಯ ಕ್ರಿಯಾಪದ ಒಂದನ್ನೇ ಬದಲಿಸಿ: ‘ಮಳೆ ಬಂದರೂ ಪಂದ್ಯ ನಡೆಯಿತು.’ ಈಗ ಮಳೆ ಬಂದದ್ದು ಖಚಿತ, ಪಂದ್ಯ ನಡೆದದ್ದೂ ಖಚಿತ: ಮ ∧ ನ. ‘ಬಂದರೂ’ ಒಂದಕ್ಷರ ಬದಲಾಗಿಲ್ಲ. ಇಂಗ್ಲಿಷಿನಲ್ಲಾದರೆ ಈವನ್ ಇಫ್, ಆಲ್‌ದೋ ಎಂದು ಎರಡು ಪದಗಳಿವೆ. ಕನ್ನಡದಲ್ಲಿ ವಾಕ್ಯದ ಕೊನೆಗೆ ಹೋಗಿ ಕಾಲ ನೋಡದೆ ಗತಿಯಿಲ್ಲ. ಆದ್ದರಿಂದ ಕನ್ನಡ ವಾಕ್ಯವನ್ನು ಚಿಹ್ನೆಗಿಳಿಸುವಾಗ ಹಿಂದಿನಿಂದ ಮುಂದಕ್ಕೆ ಓದುವ ರೂಢಿ ಮಾಡಿಸಬೇಕು: ಮೊದಲು ಕೊನೆಯ ಕ್ರಿಯಾಪದ, ಆಮೇಲೆ ಅದಕ್ಕೆ ತಗುಲಿಕೊಂಡ ಉಪವಾಕ್ಯದ ಬಾಲ.

ಬಿಡಿಯಾಗಿ ನಿಂತ ‘ಆದರೆ’ ಇನ್ನೊಂದು ಹಳ್ಳ. ‘ಪರೀಕ್ಷೆ ಆದರೆ ರಜೆ’ ಎಂಬಲ್ಲಿ ಅದು ಷರತ್ತು, →. ‘ಪರೀಕ್ಷೆ ಮುಗಿಯಿತು, ಆದರೆ ರಜೆ ಇಲ್ಲ’ ಎಂಬಲ್ಲಿ ಅದು ಬರೀ ∧. ಎದುರಾಡುವ ಧಾಟಿಯನ್ನು ತರ್ಕ ಲೆಕ್ಕಕ್ಕಿಡುವುದಿಲ್ಲ. ಎರಡು ಮಾತೂ ನಿಜವೇ ಎಂದಷ್ಟೇ ಕೇಳುತ್ತದೆ. ಬೇರ್ಪಡಿಸುವ ಉಪಾಯ ಸುಲಭ: ‘ಆದರೆ’ ಜಾಗದಲ್ಲಿ ‘ಆದಲ್ಲಿ’ ಇಟ್ಟು ಓದಿ. ಅರ್ಥ ಕೆಡದಿದ್ದರೆ ಬಾಣ. ‘ಆದಾಗ್ಯೂ’ ಒಗ್ಗಿದರೆ ∧.

ಬಾಣದ ದಿಕ್ಕಿನ ಬಗ್ಗೆ ನಮ್ಮಲ್ಲಿ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ನ್ಯಾಯಶಾಸ್ತ್ರದವರ ಹಳೆಯ ಉದಾಹರಣೆಯೇ ಇದೆ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಎನ್ನಲಾಗದು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ ಎಂದು ಅವರೇ ಪ್ರತಿ ಉದಾಹರಣೆಯನ್ನೂ ಕೊಟ್ಟರು. ಬೆಂಕಿಯಿಂದ ಹೊಗೆಗೆ ಹೋಗಬೇಕಾದರೆ ನಡುವೆ ಹಸಿ ಸೌದೆ ಎಂಬ ‘ಉಪಾಧಿ’ ಬೇಕು ಎಂದರು. ನಮ್ಮ ಚಿಹ್ನೆಯಲ್ಲಿ ಅದು (ಬೆಂಕಿ ∧ ಹಸಿ ಸೌದೆ) → ಹೊಗೆ. ಗಾದೆಯಂತೂ ಇನ್ನೂ ಚುರುಕು: ‘ಬೆಂಕಿಯಿಲ್ಲದೆ ಹೊಗೆಯಾಡದು.’ ¬ಬೆಂಕಿ → ¬ಹೊಗೆ. ಮೂಲ ವಾಕ್ಯವನ್ನು ತಿರುವಿ, ಎರಡೂ ಕಡೆ ‘ಅಲ್ಲ’ ಹಚ್ಚಿದ ರೂಪ. ಎರಡೂ ತೂಕದಲ್ಲಿ ಸಮ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದರಿಂದ ‘ಕೈ ಕೆಸರಾಗದವನಿಗೆ ಮೊಸರಿಲ್ಲ’ ಎಂದು ತೀರ್ಮಾನಿಸುವುದು ಮಾತ್ರ ಸಲ್ಲದು. ಅಲ್ಲಿ ತಿರುವದೆ ಬರೀ ‘ಅಲ್ಲ’ ಹಚ್ಚಿದ್ದಾಯಿತು. ಕೆಸರು ಮುಟ್ಟದೆ ಮೊಸರುಣ್ಣುವವರನ್ನು ನಾವೆಲ್ಲ ನೋಡಿದ್ದೇವೆ. ಅವರಿಂದ ಗಾದೆ ಸುಳ್ಳಾಗುವುದಿಲ್ಲ.

‘ಹೊರತು’ ಎಂಬುದನ್ನು ಕಂಡರೆ ಹುಡುಗರು ‘ಅಲ್ಲ’ಗಳನ್ನು ಎಣಿಸಲು ಹೊರಡುತ್ತಾರೆ. ‘ಆಧಾರ್ ತರದ ಹೊರತು ಅರ್ಜಿ ತೆಗೆದುಕೊಳ್ಳುವುದಿಲ್ಲ.’ ‘ತರದ’ದಲ್ಲಿ ಒಂದು, ‘ಹೊರತು’ನಲ್ಲಿ ಇನ್ನೊಂದು, ಎರಡೂ ಸೇರಿ ರದ್ದು ಎಂದು ಲೆಕ್ಕ ಹಾಕಿ, ಆಧಾರ್ ತಂದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂಬ ಅರ್ಥದ ಸೂತ್ರ ಬರೆದವರಿದ್ದಾರೆ. ಈ ಬಳಕೆಯಲ್ಲಿ ‘ತರದ ಹೊರತು’ ಇಡಿಯಾಗಿ ಒಂದೇ ನಿಷೇಧ. ‘ತಂದಲ್ಲದೆ’ ಎಂದರೂ ಅದೇ. ಆ ಎಂದರೆ ಆಧಾರ್ ತಂದಿದ್ದಾರೆ, ಅ ಎಂದರೆ ಅರ್ಜಿ ತೆಗೆದುಕೊಳ್ಳುತ್ತಾರೆ ಎಂದಿಟ್ಟು, ‘ತರದಿದ್ದರೆ’ ಎಂದು ಬದಲಿಸಿಕೊಂಡು ¬ಆ → ¬ಅ ಬರೆದರೆ ಮುಗಿಯಿತು. ಆಧಾರ್ ತಂದವರ ಅರ್ಜಿ ತೆಗೆದುಕೊಂಡೇ ತೀರುತ್ತಾರೆ ಎಂದು ವಾಕ್ಯ ಹೇಳಿಲ್ಲ. ಸರತಿಯಲ್ಲಿ ನಿಂತವರಿಗೆ ಅದು ಚೆನ್ನಾಗಿ ಗೊತ್ತು.

ನಾಮಪದದ ಮೇಲೆ ‘ಹೊರತು’ ಬಂದಾಗ ಸಂಕೇತ ಸೂಚಿಯಲ್ಲಿ (ಯಾವ ಅಕ್ಷರಕ್ಕೆ ಯಾವ ವಾಕ್ಯ ಎಂಬ ಪಟ್ಟಿಯಲ್ಲಿ) ಏನು ಬರೆದಿದ್ದೇವೆ ಎಂಬುದೇ ನಿರ್ಣಾಯಕ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ದ್ವಿಚಕ್ರ ವಾಹನದಲ್ಲಿ ಹೋಗುವ, ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ, ಪೇಟ ಸುತ್ತಿದ ಸಿಖ್ಖರ ಹೊರತು. ಪ ಎಂದರೆ ಸವಾರ ಪೇಟ ಸುತ್ತಿದ ಸಿಖ್ಖ. ಹ ಎಂದರೆ ‘ಹೆಲ್ಮೆಟ್ ಹಾಕುವ ಬಾಧ್ಯತೆ ಇದೆ’ ಎಂದಾದರೆ, ಆ ಸವಾರನ ಮಟ್ಟಿಗೆ ¬ಪ → ಹ ಮತ್ತು ಪ → ¬ಹ ಎರಡೂ ಸಲ್ಲುತ್ತವೆ. ಹ ಎಂದರೆ ‘ಹೆಲ್ಮೆಟ್ ಹಾಕಿದ್ದಾನೆ’ ಎಂದಾದರೆ ಪ → ¬ಹ ತಪ್ಪು. ಸಿಖ್ಖರು ಹೆಲ್ಮೆಟ್ ಹಾಕಕೂಡದೆಂದು ಕಾಯ್ದೆ ಹೇಳುವುದಿಲ್ಲ. ಸೂಚಿಯನ್ನು ‘ಹ = ಹೆಲ್ಮೆಟ್’ ಎಂದು ಒಂದೇ ಪದದಲ್ಲಿ ಗೀಚುವ ಅಭ್ಯಾಸ ಇಲ್ಲಿ ಮುಳುವಾಗುತ್ತದೆ. ಹೆಲ್ಮೆಟ್ ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಸೂಚಿಯಲ್ಲಿ ಇರಬೇಕಾದ್ದು ಕರ್ತೃ, ಕ್ರಿಯಾಪದ ಎರಡೂ ಇರುವ, ‘ಇಲ್ಲ’ ಸೇರದ ಪೂರ್ತಿ ವಾಕ್ಯ.

‘ಅಥವಾ’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತರ್ಕವನ್ನು ಬೀಜಗಣಿತಕ್ಕೆ ಇಳಿಸಿದ ಜಾರ್ಜ್ ಬೂಲ್ ಎರಡೂ ಒಟ್ಟಿಗೆ ಇರದ ಹಾಗೆ ಅದನ್ನು ಓದಿದ್ದ; 1864ರಲ್ಲಿ ಇಂಗ್ಲಿಷ್ ತರ್ಕಶಾಸ್ತ್ರಜ್ಞ ಜೆವನ್ಸ್ ಎರಡೂ ಇದ್ದರೂ ಸರಿ ಎಂದ; ಇವತ್ತಿನ ∨ ಜೆವನ್ಸನ ಪಕ್ಷ. ‘ಪಡಿತರ ಚೀಟಿ ಅಥವಾ ಮತದಾರರ ಗುರುತಿನ ಚೀಟಿ ತರಬೇಕು’ ಎಂದಾಗ ಎರಡನ್ನೂ ತಂದವರನ್ನು ಯಾರೂ ವಾಪಸ್ ಕಳಿಸುವುದಿಲ್ಲ, ಆದ್ದರಿಂದ ∨ ಸಾಕು. ಹೋಟೆಲಿನ ‘ಊಟದ ಜೊತೆ ಮುದ್ದೆ ಅಥವಾ ಚಪಾತಿ’ ಎಂಬಲ್ಲಿ ಎರಡನ್ನೂ ಕೇಳಿದರೆ ಬಿಲ್ ಬೇರೆ; ಅಲ್ಲಿ (ಮ ∨ ಚ) ∧ ¬(ಮ ∧ ಚ). ‘ಕಾಫಿಯೋ ಟೀಯೋ?’ ಪ್ರಶ್ನೆ. ಅದಕ್ಕೆ ಸತ್ಯಾಸತ್ಯ ಇಲ್ಲ, ಚಿಹ್ನೆಯೂ ಇಲ್ಲ.

ನಿಷೇಧದ ವ್ಯಾಪ್ತಿಗೆ ಬಂದರೆ ಕನ್ನಡ ಒಂದು ಕಡೆ ಇಂಗ್ಲಿಷಿಗಿಂತ ಸ್ಪಷ್ಟ, ಇನ್ನೊಂದು ಕಡೆ ಬಲು ಗೋಜಲು. ಸ್ಪಷ್ಟವಾದದ್ದು ಇದು: ‘ಗೌರಿ, ಶಂಕರ ಇಬ್ಬರೂ ಬರಲಿಲ್ಲ.’ ಕನ್ನಡದ ಕಿವಿಗೆ ಇದರರ್ಥ ಒಬ್ಬರೂ ಬರಲಿಲ್ಲ ಎಂದೇ: ¬ಗ ∧ ¬ಶ. ‘ಬೋತ್’ ಮೇಲೆ ‘ನಾಟ್’ ಬಂದಾಗ ಇಂಗ್ಲಿಷ್ ಪುಸ್ತಕ ಹೇಳುವ ¬(ಗ ∧ ಶ), ಅಂದರೆ ಒಬ್ಬರು ಬಂದಿರಲೂಬಹುದು ಎಂಬ ಅರ್ಥ, ಈ ಕನ್ನಡ ವಾಕ್ಯಕ್ಕಿಲ್ಲ. ಆ ಅರ್ಥ ಬೇಕಾದರೆ ‘ಇಬ್ಬರೂ ಬಂದರು ಎಂಬುದು ಸುಳ್ಳು’ ಎಂದು ಬಿಡಿಸಿ ಬರೆಯಬೇಕು. ‘ಒಬ್ಬರಾದರೂ ಬರಲಿಲ್ಲ’ ಎಂದು ಬರೆದು ತಪ್ಪಿಸಿಕೊಳ್ಳಲು ನೋಡಿದರೆ ಮತ್ತೆ ಇಬ್ಬರೂ ಗೈರು. ಡಿ ಮಾರ್ಗನ್ ನಿಯಮದ (‘ಅಲ್ಲ’ ಆವರಣದೊಳಗೆ ಹೋದಾಗ ‘ಮತ್ತು’ ‘ಅಥವಾ’ ಆಗುತ್ತದೆ, ‘ಅಥವಾ’ ‘ಮತ್ತು’ ಆಗುತ್ತದೆ ಎಂಬ ನಿಯಮ) ಕನ್ನಡ ಅಭ್ಯಾಸಗಳು ಹಾಳಾಗುವುದು ಹೆಚ್ಚಾಗಿ ಈ ಜಾಗದಲ್ಲಿ.

ಗೋಜಲಾದದ್ದು ‘ಮಾಡಿ’, ‘ಬಂದು’ ಎಂಬ ಕೃದಂತ. ‘ಮಗು ಕೈ ತೊಳೆದು ಉಂಡಿತು’ ತ ∧ ಉ. ಇಲ್ಲಿ ಮೊದಲೇ ಒಂದು ನಷ್ಟವಿದೆ: ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ∧ ಹಿಡಿದಿಡುವುದಿಲ್ಲ. ‘ಉಂಡು ಕೈ ತೊಳೆಯಿತು’ ಎಂದರೂ ಸೂತ್ರ ಅದೇ. ಅಮ್ಮನಿಗೆ ಎರಡೂ ಒಂದೇ ಅಲ್ಲ. ಈಗ ಕೊನೆಗೆ ‘ಇಲ್ಲ’ ಸೇರಿಸಿ: ‘ಮಗು ಕೈ ತೊಳೆದು ಉಣ್ಣಲಿಲ್ಲ.’ ಕೈ ತೊಳೆಯದೆಯೇ ಉಂಡಿತು, ¬ತ ∧ ಉ. ಕೈಯೇನೋ ತೊಳೆಯಿತು, ಊಟ ಬಿಟ್ಟಿತು, ತ ∧ ¬ಉ. ಎರಡೂ ಕೆಲಸ ಆಯಿತೆಂಬುದು ಸುಳ್ಳು, ಅಷ್ಟೇ ಗೊತ್ತು, ¬(ತ ∧ ಉ). ಮೂರೂ ಸಲ್ಲುವ ಓದುಗಳು. ಗದರುವ ದನಿಯಲ್ಲಿ ಹೇಳಿದರೆ ಮೊದಲನೆಯದು, ಮುನಿಸಿಕೊಂಡ ಮಗುವಿನ ಸುದ್ದಿಯಾದರೆ ಎರಡನೆಯದು. ಅಚ್ಚಿನಲ್ಲಿ ದನಿ ಇರುವುದಿಲ್ಲ. ಇಂಥ ವಾಕ್ಯವನ್ನು ‘ಸಂಕೇತದಲ್ಲಿ ಬರೆಯಿರಿ’ ಎಂದು ಒಂದಂಕದ ಪ್ರಶ್ನೆಗೆ ಹಾಕುವುದು ಅನ್ಯಾಯ. ‘ಎಷ್ಟು ಬಗೆಯಲ್ಲಿ ಓದಬಹುದು, ಪ್ರತಿಯೊಂದಕ್ಕೂ ಸೂತ್ರ ಕೊಡಿ’ ಎಂದು ಮೂರಂಕಕ್ಕೆ ಕೇಳಿದರೆ ಒಳ್ಳೆಯ ಪ್ರಶ್ನೆ.

ಆವರಣದ ಮಾತೂ ಇದಕ್ಕೆ ಸೇರಿದ್ದು. ‘ಮಳೆ ಬಂದರೆ ಪಂದ್ಯ ರದ್ದು ಮತ್ತು ಟಿಕೆಟ್ ಹಣ ವಾಪಸ್.’ ಮ → (ರ ∧ ವ) ಎಂದೋ, (ಮ → ರ) ∧ ವ ಎಂದೋ? ಮಳೆ ಬಾರದ, ಹಣವೂ ವಾಪಸಾಗದ ದಿನ ನೋಡಿ: ಮೊದಲ ಸೂತ್ರ ಸತ್ಯ, ಎರಡನೆಯದು ಅಸತ್ಯ. ಟಿಕೆಟ್ ಮಾರಿದವರು ಮೊದಲನೆಯದನ್ನೇ ಹೇಳಿದ್ದಾರೆಂಬುದರಲ್ಲಿ ಅನುಮಾನವಿಲ್ಲ. ಆವರಣ ಹಾಕದೆ ಬಿಟ್ಟರೆ ∧ ಮೊದಲು ಕಟ್ಟುತ್ತದೆ, → ಆಮೇಲೆ ಎಂಬ ರೂಢಿ ಇದೆಯಾದರೂ ಕಲಿಯುವವರು ಅದನ್ನು ನೆಚ್ಚಿಕೊಳ್ಳುವುದು ಬೇಡ.

ಬರೆದ ಸೂತ್ರ ಸರಿಯೇ ಎಂದು ತಾನೇ ಪರೀಕ್ಷಿಸಲು ಇಡೀ ಕೋಷ್ಟಕ ಬೇಕಾಗುವುದಿಲ್ಲ. ಎರಡು ಅಕ್ಷರಕ್ಕೆ 4 ಸಾಲು, ಮೂರಕ್ಕೆ 8, ನಾಲ್ಕಕ್ಕೆ 16. ಪರೀಕ್ಷೆಯಲ್ಲಿ ಅಷ್ಟಕ್ಕೆ ಹೊತ್ತೆಲ್ಲಿ? ಬಾಣವಿದ್ದ ಕಡೆ ಒಂದೇ ಪ್ರಶ್ನೆ: ಈ ಮಾತು ಸುಳ್ಳಾಗಬೇಕಾದರೆ ಏನು ನಡೆಯಬೇಕು? ಬಾಣ ಸುಳ್ಳಾಗುವುದು ಹಿಂದಿನದು ಸತ್ಯ, ಮುಂದಿನದು ಅಸತ್ಯ ಆದಾಗ ಮಾತ್ರ. ವಾಕ್ಯ ಮುರಿಯುವ ಸಂದರ್ಭವೂ ಸೂತ್ರ ಮುರಿಯುವ ಸಾಲೂ ಒಂದೇ ಆದರೆ ಉತ್ತರ ಸರಿ.

ಯಾವುದನ್ನು ಇಳಿಸಬಾರದು ಎಂಬುದನ್ನೂ ಕಲಿಸಬೇಕು. ‘ಏಕೆಂದರೆ’ ಇಳಿಯುವುದಿಲ್ಲ. ಮೈಸೂರಿನಲ್ಲಿ ಅರಮನೆ ಇದೆ, ನಿಜ. ಏಳು ಅವಿಭಾಜ್ಯ ಸಂಖ್ಯೆ, ಅದೂ ನಿಜ. ‘ಮೈಸೂರಿನಲ್ಲಿ ಅರಮನೆ ಇದೆ, ಏಕೆಂದರೆ ಏಳು ಅವಿಭಾಜ್ಯ’ ಎಂಬುದು ಹುಚ್ಚು ಮಾತು. ಭಾಗಗಳ ಸತ್ಯಾಸತ್ಯ ಗೊತ್ತಿದ್ದೂ ಇಡಿಯದ್ದು ತಿಳಿಯದಿದ್ದರೆ ಅಲ್ಲಿ ಸತ್ಯಕೋಷ್ಟಕಕ್ಕೆ ಕೆಲಸವಿಲ್ಲ. ‘ಮಳೆ ಬಂದಿದ್ದರೆ ಕೆರೆ ತುಂಬುತ್ತಿತ್ತು’ ಕೂಡ ಹಾಗೆಯೇ: ಮಳೆ ಬರಲಿಲ್ಲ, ಹಿಂದಿನದು ಅಸತ್ಯ, ಬಾಣ ಪುಕ್ಕಟೆ ಸತ್ಯ; ‘ಬಂದಿದ್ದರೆ ಕೆರೆ ಬತ್ತುತ್ತಿತ್ತು’ ಎಂಬುದೂ ಅಷ್ಟೇ ಪುಕ್ಕಟೆಯಾಗಿ ಸತ್ಯವಾಗಿಬಿಡುತ್ತದೆ. ‘ಬಂದರೂ ಬಂದೀತು’ ಎಂಬುದು ಸಾಧ್ಯತೆಯ ಮಾತು, ಅದು ಬೇರೆ ತರ್ಕದ ಪಾಲು. ಕಂಪ್ಯೂಟರ್ ಓದುವವರಿಗೆ ಇನ್ನೊಂದು: ಪ್ರೋಗ್ರಾಮಿನ ಇಫ್ ಅಪ್ಪಣೆ, ಬಾಣವಲ್ಲ. ಅಪ್ಪಣೆ ಸತ್ಯ ಅಸತ್ಯ ಆಗುವುದಿಲ್ಲ.

ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನಮ್ಮ ಕೋರಿಕೆ ಇಷ್ಟು. ವಾಕ್ಯಾನುವಾದದ ಪ್ರಶ್ನೆಗಳನ್ನು ಕನ್ನಡದಲ್ಲಿ ಬೇರೆಯಾಗಿಯೇ ರಚಿಸಿ. ಇಂಗ್ಲಿಷ್ ಪ್ರಶ್ನೆಯನ್ನು ತರ್ಜುಮೆ ಮಾಡಬೇಡಿ, ‘ಒಂದು ವೇಳೆ ಹೀಗಾದರೆ ಆಗ ಹಾಗೆ’ ಎಂಬ ಯಾರೂ ಆಡದ ಕನ್ನಡವನ್ನೂ ಹೊಸೆಯಬೇಡಿ. ಎರಡು ಭಾಷೆಯ ಪ್ರಶ್ನೆಗಳಿಗೂ ಸೂತ್ರ ಒಂದೇ ಬರುತ್ತದೆಯೇ ಎಂದು ಅಚ್ಚಿಗೆ ಮೊದಲು ಒಬ್ಬರು ಎರಡನ್ನೂ ಬಿಡಿಸಿ ನೋಡಲಿ. ಸಂಕೇತ ಸೂಚಿಯನ್ನು ಪ್ರಶ್ನೆಯಲ್ಲೇ ಕೊಡಿ, ಇಲ್ಲವೇ ವಿದ್ಯಾರ್ಥಿ ಬರೆದ ಸೂಚಿಗೂ ಅಂಕ ಇಡಿ. ‘ಇದ್ದರೆ’, ‘ಇದ್ದರೇ’ ಎರಡೂ ಬರುವ ಪತ್ರಿಕೆಯ ಕರಡನ್ನು ಗಣಿತದವರ ಜೊತೆ ಒಬ್ಬ ಕನ್ನಡ ಅಧ್ಯಾಪಕರಿಗೂ ತೋರಿಸಿ. ಅವರಿಗೆ ಹಿಡಿಯುವುದು ಅರ್ಧ ಗಂಟೆಯ ಕೆಲಸ.

ಪದವಿಪೂರ್ವ ಉಪನ್ಯಾಸಕರಿಬ್ಬರು
(ಗಣಿತ, ತರ್ಕಶಾಸ್ತ್ರ)
ಶಿವಮೊಗ್ಗ